ಅರ್ಧಕ್ಕೇ ನಿಂತ ಆನೆ

ಸ್ಕೂಲ್ ನಂಬರಿಂದ ಫೋನ್ ಬಂತು ಅಂದ್ರೆ ಎದೆ ಧಸಕ್ ಅನ್ನತ್ತೆ. ಬಿದ್ಲಾ, ಜ್ವರಾನಾ, ತಲೆಗೇನಾದ್ರೂ ಏಟಾಯ್ತಾ ಅಂತ ಎರಡು ಸೆಕೆಂಡಲ್ಲಿ ಹತ್ತು ಥರ ಯೋಚನೆ ಬಂದು ಹೋಗತ್ತೆ. ಅವತ್ತು ಮೀಟಿಂಗಿಂದ ಎದ್ದು ಹೊರಗೆ ಬಂದು ಎತ್ತಿದ್ರೆ ಮಿಸ್ಸು, "ಗಾಬರಿ ಆಗ್ಬೇಡಿ ಸರ್, ಮಗೂಗೆ ಏನೂ ಆಗಿಲ್ಲ" ಅಂದ್ರು. ಉಸಿರು ಬಿಟ್ಟೆ. ಒಂದು ಕ್ಷಣ ಸುಮ್ನಿದ್ದು, "ಅವಳೇ ಪಕ್ಕದ ಹುಡುಗನ ಕೈ ಕಚ್ಚಿದಾಳೆ, ಹಲ್ಲಿನ ಗುರುತು ಬಿದ್ದಿದೆ" ಅಂದ್ರು.

ಮಗಳಿಗೆ ಆಗ ಐದು ವರ್ಷ ಎರಡು ತಿಂಗಳು.

ಈಗ ನಿಜ ಹೇಳ್ಬಿಡ್ತೀನಿ, ಆ ಕ್ಷಣ ನನಗೆ ಮೊದಲು ನೆನಪಾಗಿದ್ದು ಕಚ್ಚಿಸ್ಕೊಂಡ ಹುಡುಗ ಅಲ್ಲ, ಕಚ್ಚಿದ ನನ್ನ ಮಗಳೂ ಅಲ್ಲ. ನಾನೇ. ಇವರ ಮನೇಲಿ ಮಗು ಹಿಂಗೆ ಬೆಳೀತಾ ಇದೆಯಾ ಅಂತ ಮಿಸ್ಸು ಅಂದ್ಕೊಂಡ್ರೇನೋ, ಆ ಹುಡುಗನ ಅಮ್ಮ ಏನಂತಾರೋ, ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಆಗ್ಲೇ ಶುರುವಾಗಿದ್ಯೇನೋ. ಮರ್ಯಾದೆ ಹೋಯ್ತಲ್ಲ ಅನ್ನೋದು ಮೊದಲು, ಉಳಿದಿದ್ದೆಲ್ಲ ಆಮೇಲೆ. ಅವತ್ತು ಸಂಜೆ ನಾನು ಮಾಡಿದ್ದೆಲ್ಲ ಆ ಮರ್ಯಾದೆ ವಾಪಸ್ ತಗೊಳ್ಳೋಕೇ ಹೊರತು ಅವಳಿಗೇನೋ ಕಲಿಸೋಕಲ್ಲ ಅಂತ ಅರ್ಥ ಆಗೋಕೆ ಸುಮಾರು ದಿನ ಹಿಡೀತು.

ಮನೆಗೆ ಬಂದವನೇ ಶೂ ಕೂಡ ಬಿಚ್ಚದೆ ಕೋರ್ಟ್ ಶುರು ಮಾಡ್ದೆ.

"ಯಾಕ್ ಕಚ್ದೆ?"

ಉತ್ತರ ಇಲ್ಲ.

"ಕೇಳ್ತಾ ಇದೀನಲ್ಲ, ಯಾಕ್ ಕಚ್ದೆ ಅವ್ನನ್ನ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಹಲ್ಲು ನಿಂದೇ ತಾನೆ?"

ಅವಳು ನಾಲಿಗೆ ಆಡಿಸಿ ತನ್ನ ಮುಂದಿನ ಹಲ್ಲನ್ನ ಒಂದ್ಸಲ ಮುಟ್ಟಿ ನೋಡ್ಕೊಂಡ್ಳು. ತಮಾಷೆಗಲ್ಲ, ನಿಜವಾಗ್ಲೂ ಚೆಕ್ ಮಾಡ್ಕೊಂಡ್ಳು. ನನಗೆ ಅದು ಉಡಾಫೆ ಥರ ಕಾಣ್ಸಿ ಇನ್ನೂ ಕೋಪ ಬಂತು, ಒಂದು ವಾರ ಸೈಕಲ್ ಇಲ್ಲ ಅಂತ ತೀರ್ಪು ಕೊಟ್ಟು ಸೈಕಲ್ ಎತ್ತಿ ಅಟ್ಟದ ಮೇಲೆ ಹಾಕ್ದೆ. ಅತ್ಲು, ಊಟ ಮಾಡಿದ್ಳು, ಮಲಗಿದ್ಳು. ನಾಲ್ಕನೇ ದಿನ ಬೆಳಿಗ್ಗೆ ನನ್ನ ಹತ್ರ ಬಂದು ತುಂಬ ಕನಿಕರದಿಂದ ಕೇಳಿದ್ಳು, "ಅಪ್ಪಾ, ನನ್ ಸೈಕಲ್ ಕೆಟ್ಟೋಗಿದ್ಯಾ?"

ಅಲ್ಲಿಗೆ ನನ್ನ ಶಿಕ್ಷೆಯ ಕಥೆ ಮುಗೀತು. ಮಗೂಗೆ ಸೈಕಲ್ ಇಲ್ಲ ಅನ್ನೋದು ಗೊತ್ತು, ಯಾಕಿಲ್ಲ ಅನ್ನೋದು ಯಾವಾಗ್ಲೋ ಅಳಿಸಿಹೋಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ಸ್ಕೂಲಲ್ಲಿ ಆಗಿದ್ದಕ್ಕೂ ಸಂಜೆ ಆರಕ್ಕೆ ಮನೇಲಿ ಸೈಕಲ್ ಹೋಗಿದ್ದಕ್ಕೂ ಗಂಟು ಹಾಕೋಕೆ ಐದು ವರ್ಷದ ತಲೆಗೆ ಆಗಲ್ಲ, ನಾವು ದೊಡ್ಡವರು ಆ ಗಂಟು ತಾನಾಗೇ ಬೀಳತ್ತೆ ಅಂದ್ಕೋತೀವಿ. ಅವಳ ಲೆಕ್ಕದಲ್ಲಿ ನಡೆದಿದ್ದು ಇಷ್ಟೇ: ಸಂಜೆ ಅಪ್ಪ ಬಂದ್ರು, ಸುಮ್ಸುಮ್ನೆ ಬೈದ್ರು, ಸೈಕಲ್ ತಗೊಂಡ್ ಹೋದ್ರು.

ಇದರ ಮಧ್ಯೆ ನಮ್ಮಮ್ಮ ಫೋನಲ್ಲಿ ಎಲ್ಲ ಕೇಳಿಸ್ಕೊಂಡು, "ನೀನೇನ್ ಕಮ್ಮಿ ಇದ್ಯೇನೋ, ಒಂದ್ನೇ ಕ್ಲಾಸಲ್ಲಿ ಸ್ಲೇಟಲ್ಲಿ ಹೊಡ್ದು ಒಬ್ಬನ ಹಣೆ ಬುರುಡೆ ಉಬ್ಬಿಸಿದ್ದೆ" ಅಂದ್ರು. ನನ್ನ ಫೈಲಲ್ಲಿ ಈ ಕೇಸೇ ಇರ್ಲಿಲ್ಲ. ಎಷ್ಟು ತಿಣುಕಾಡಿದ್ರೂ ನೆನಪಾಗ್ಲಿಲ್ಲ. "ಯಾಕ್ ಹೊಡ್ದಿದ್ನಂತೆ?" ಅಂದೆ. "ಯಾರಿಗೆ ಗೊತ್ತು, ನೀನು ಗೊತ್ತಿಲ್ಲ ಗೊತ್ತಿಲ್ಲ ಅಂತಿದ್ದೆ" ಅಂದ್ರು.

ಆ 'ಗೊತ್ತಿಲ್ಲ' ಸುಳ್ಳಲ್ಲ ಅಂತ ಈಗ ನಂಬ್ತೀನಿ. ತಡ್ಕೊಳ್ಳೋದು, ಒಂದು ನಿಮಿಷ ನಿಂತು ಯೋಚಿಸೋದು, ಕೈ ಎತ್ತೋಕೆ ಮುಂಚೆ ಬಾಯಲ್ಲಿ ಹೇಳೋದು, ಇದಕ್ಕೆಲ್ಲ ಬೇಕಾಗೋ ಮಿದುಳಿನ ಮುಂಭಾಗ, ಪ್ರೀಫ್ರಂಟಲ್ ಕಾರ್ಟೆಕ್ಸ್ ಅಂತಾರಲ್ಲ ಅದು, ಪೂರ್ತಿ ಬಲಿಯೋಕೆ ಇಪ್ಪತ್ತೈದು ವರ್ಷದ ಆಸುಪಾಸು ಬೇಕು. ಐದು ವರ್ಷದವರಲ್ಲಿ ಕೆಲಸ ಇನ್ನೂ ಪಾಯ ತೋಡೋ ಹಂತದಲ್ಲಿರತ್ತೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಅನ್ನೋ ಸಂಶೋಧಕರು ಮಕ್ಕಳ ಹೊಡೆದಾಟವನ್ನೇ ವರ್ಷಗಟ್ಲೆ ಬೆನ್ನು ಹತ್ತಿ ನೋಡಿದವರು. ಅವರು ಹೇಳೋದು, ಮನುಷ್ಯ ಅತೀ ಹೆಚ್ಚು ಕೈ ಮಾಡೋ ವಯಸ್ಸು ಹದಿಹರೆಯ ಅಲ್ವಂತೆ, ಎರಡರಿಂದ ನಾಲ್ಕು ವರ್ಷದ ಒಳಗಂತೆ. ಅಂದ್ರೆ ಮಕ್ಕಳು ಹೊಡೆಯೋದು ಕಲಿಯಲ್ಲ, ಹೊಡೀದೇ ಇರೋದನ್ನ ಕಲೀತಾರೆ. ಇದನ್ನ ಓದಿದಾಗ ನನಗೆ ಅರ್ಧ ಭಾರ ಇಳಿದ ಹಾಗಾಯ್ತು. ಇವಳು ಎಲ್ಲಿಂದಲೋ ಕೆಟ್ಟದ್ದು ಕಲ್ತು ಬಂದಿದಾಳೆ ಅಂತ ಟೀವಿ, ಮೊಬೈಲು, ಪಕ್ಕದ ಮನೆ ಹುಡುಗ ಅಂತ ಎಲ್ಲರ ಮೇಲೂ ಡೌಟ್ ಪಡ್ತಿದ್ದೆ. ಕಲ್ತು ಬಂದಿದ್ದಲ್ಲ, ಇನ್ನೂ ಕಲೀಬೇಕಾಗಿರೋದು.

ಎರಡನೇ ಸಲ ಫೋನ್ ಬಂದಾಗ ಮಿಸ್ ನಮ್ಮಿಬ್ಬರನ್ನೂ ಸ್ಕೂಲಿಗೆ ಕರೆದ್ರು. ಮಕ್ಕಳು ಕೂರೋ ಪುಟ್ಟ ಕುರ್ಚಿ ಮೇಲೆ ಮೊಣಕಾಲು ಎದೆಗೆ ತಾಗೋ ಹಾಗೆ ಕೂತು, ನಾನು ಕೇಳೋಕೂ ಮುಂಚೆ ವರದಿ ಒಪ್ಪಿಸ್ದೆ: ಮನೇಲಿ ಚೆನ್ನಾಗಿ ಬೈದಿದೀವಿ ಮಿಸ್, ಸೈಕಲ್ ಕಿತ್ಕೊಂಡಿದೀವಿ, ಟೀವಿ ಬಂದ್ ಮಾಡಿದೀವಿ. ಹೊಗಳ್ತಾರೆ ಅಂದ್ಕೊಂಡಿದ್ದೆ. ಅವರು, "ದಯವಿಟ್ಟು ಅದನ್ನೇ ನಿಲ್ಸಿ ಸರ್" ಅಂದ್ರು. "ಇಲ್ಲಿ ಆಗಿದ್ದು ಇಲ್ಲೇ ಮುಗೀಲಿ. ಅವಳಿಗೆ ನಾನು ಇಲ್ಲಿ ಒಂದ್ಸಲ ಹೇಳಿರ್ತೀನಿ, ನೀವು ಮನೇಲಿ ಮತ್ತೆ ಅದನ್ನೇ ತೆಗೆದ್ರೆ ಒಂದೇ ತಪ್ಪಿಗೆ ಎರಡು ಶಿಕ್ಷೆ ಆಗತ್ತೆ. ಮಾರನೇ ದಿನ ಅವಳು ನನ್ನ ಮುಖ ನೋಡಲ್ಲ, ಚಾಡಿ ಹೇಳಿದವಳು ಅಂತ."

ಆಮೇಲೆ ಎರಡು ವಾರ ಟೈಮ್ ಕೇಳಿದ್ರು. ಒಂದು ಬುಕ್ಕಲ್ಲಿ ಮೂರು ಗೆರೆ ಎಳ್ಕೊಂಡು ಬರ್ದಿಡ್ತೀನಿ ಅಂದ್ರು: ಮುಂಚೆ ಏನು ನಡೀತಿತ್ತು, ಏನು ಮಾಡಿದ್ಳು, ಆಮೇಲೆ ಏನಾಯ್ತು. ಆಮೇಲೆ ಓದಿದಾಗ ಗೊತ್ತಾಯ್ತು, ಇದು ಅವರ ಸ್ವಂತ ಐಡಿಯಾ ಏನಲ್ಲ, ಮಕ್ಕಳ ವರ್ತನೆ ಮೇಲೆ ಕೆಲಸ ಮಾಡೋರು ದಶಕಗಳಿಂದ ಬಳಸೋ ಪಟ್ಟಿ, ಎಬಿಸಿ ಚಾರ್ಟ್ ಅಂತಾರೆ. ಆದ್ರೆ ಮೂವತ್ತಕ್ಕೂ ಜಾಸ್ತಿ ಮಕ್ಕಳು ಕೂಗಾಡ್ತಿರೋ ಕ್ಲಾಸಲ್ಲಿ ಒಬ್ಬಳಿಗೋಸ್ಕರ ಅದನ್ನ ಬರ್ದಿಡೋದು ಇದೆಯಲ್ಲ, ಅದು ಯಾವ ಥಿಯರಿಗಿಂತ ದೊಡ್ಡದು. ಟೀಚರ್‌ಗಳ ಬಗ್ಗೆ ಸುಲಭಕ್ಕೆ ಮಾತಾಡೋರು ಒಂದು ಗಂಟೆ ಮೂವತ್ತು ಮಕ್ಕಳ ಜೊತೆ ಕೂತು ನೋಡ್ಲಿ. ನಾನು ಎರಡು ಮಕ್ಕಳ ಬರ್ತ್‌ಡೇ ಪಾರ್ಟೀಲೇ ತಲೆನೋವಿನ ಮಾತ್ರೆ ತಗೊಂಡವನು.

ಎರಡು ವಾರದಲ್ಲಿ ಹನ್ನೊಂದು ಎಂಟ್ರಿ. ಕಚ್ಚಿದ್ದು ಬರೀ ಎರಡು ಸಲ, ಉಳಿದಿದ್ದು ತಳ್ಳೋದು, ಕ್ರೇಯಾನ್ ಎಸೆಯೋದು, ಪಕ್ಕದವರ ಹಾಳೆ ಮುದುಡೋದು. ನಾವು ನಡುವಿನ ಕಾಲಂ ಮಾತ್ರ ಓದ್ತಾ ಇದ್ವಿ, ಮಿಸ್ ಬೆರಳಿಟ್ಟಿದ್ದು ಮೊದಲನೇದ್ರ ಮೇಲೆ. "ಡ್ರಾಯಿಂಗ್ ಎತ್ತಿಡಿ ಅಂದೆ." "ಬಣ್ಣ ಒಳಗಿಡಿ ಅಂದೆ." "ಬುಕ್ ಮುಚ್ಚಿ ಲೈನಲ್ಲಿ ನಿಲ್ಲಿ ಅಂದೆ." ಹನ್ನೊಂದರಲ್ಲಿ ಎಂಟು ಇದೇ. ಮಾಡ್ತಿರೋ ಕೆಲಸ ಅರ್ಧಕ್ಕೆ ನಿಲ್ಲಿಸ್ಬೇಕಾದಾಗ. ಆ ಹುಡುಗನಿಗೂ ಅವಳಿಗೂ ಯಾವ ಜಗಳಾನೂ ಇರ್ಲಿಲ್ಲ, ಪಾಪ ಅವ್ನು ಅವಳ ಪಕ್ಕ ಕೂರ್ತಿದ್ದ, ಕೈಗೆ ಸಿಗ್ತಿದ್ದ ಅಷ್ಟೇ. ಮೊದಲನೇ ದಿನ ಅವಳು ಆನೆಗೆ ಬಣ್ಣ ಹಚ್ತಾ ಇದ್ಲಂತೆ, ಸೊಂಡಿಲು ಬಾಕಿ ಇತ್ತಂತೆ, ಅವ್ನು ಸಹಾಯ ಮಾಡೋಕೆ ಅಂತ ಅವಳ ಹಾಳೇನೂ ಸೇರ್ಸಿ ಎತ್ಕೊಂಡಿದ್ದಾನೆ.

ಮೂರನೇ ಕಾಲಂ ಇನ್ನೂ ಮಜಾ ಇತ್ತು. ಗಲಾಟೆ ಆದ ಮೇಲೆ ಹೆಚ್ಚುಕಮ್ಮಿ ಪ್ರತೀ ಸಲ ಅವಳನ್ನ ಹಿಂದಿನ ಬೆಂಚಲ್ಲಿ ಒಬ್ಬಳನ್ನೇ ಕೂರಿಸಿದಾರೆ, ಕೈಯಲ್ಲಿ ಹಾಳೆ ಹಾಗೇ ಇದೆ. ಉಳಿದ ಮಕ್ಕಳು ಎಲ್ಲ ಎತ್ತಿಟ್ಟು ಲೈನಲ್ಲಿ ನಿಂತಿದ್ರೆ ಇವಳು ಹಿಂದೆ ಕೂತು ಆರಾಮಾಗಿ ಬಣ್ಣ ಹಚ್ತಾ ಇದಾಳೆ. ನಾವು ಶಿಕ್ಷೆ ಅಂದ್ಕೊಂಡಿದ್ದು ಅವಳಿಗೆ ಎಕ್ಸ್ಟ್ರಾ ಟೈಮು! "ನಾನೇ ಕಲಿಸ್ಕೊಟ್ಟಿದೀನಿ ಸರ್" ಅಂತ ಮಿಸ್ ನಕ್ಕರು. ನಡವಳಿಕೆ ಆದ್ಮೇಲೆ ಏನು ಸಿಗತ್ತೋ ಅದರ ಮೇಲೆ ಆ ನಡವಳಿಕೆ ಬೆಳೆಯತ್ತೆ ಅಥ್ವಾ ಬಾಡತ್ತೆ ಅಂತ ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಇಲಿ, ಪಾರಿವಾಳ ಇಟ್ಕೊಂಡು ತೋರ್ಸಿದ್ದು ಇದನ್ನೇ. ಮಕ್ಕಳು ಪಾರಿವಾಳ ಅಲ್ಲ, ಸರಿ. ಆದ್ರೂ ಆ ಬೆಂಚಿನ ವಿಷಯದಲ್ಲಿ ನನ್ನ ಮಗಳು ಒಳ್ಳೇ ಪಾರಿವಾಳದ ಹಾಗೇ ನಡ್ಕೊಂಡಿದ್ಳು.

ಬದಲಾಯಿಸಿದ್ದು ತೀರಾ ಸಣ್ಣ ವಿಷಯ. "ಇನ್ನು ಐದು ನಿಮಿಷ" ಅಂದ್ರೆ ಅವಳಿಗೆ ಏನೂ ಅರ್ಥ ಆಗಲ್ಲ, ಗಡಿಯಾರ ನೋಡೋಕೇ ಬರದ ಮಗೂಗೆ ಐದು ನಿಮಿಷ ಅಂದ್ರೇನು, ಐವತ್ತು ಅಂದ್ರೇನು. ಅದರ ಬದಲು ಮಿಸ್ ಪಕ್ಕಕ್ಕೆ ಹೋಗಿ ಬಗ್ಗಿ, ಮೆಲ್ಲಗೆ, "ಇನ್ನೆರಡು ಬಣ್ಣ, ಆಮೇಲೆ ಎತ್ತಿಡೋಣ" ಅನ್ನೋಕೆ ಶುರು ಮಾಡಿದ್ರು. ಎರಡು ಬಣ್ಣ ಎಣಿಸ್ಬೋದು, ಕೈಯಲ್ಲಿ ಹಿಡೀಬೋದು. ಇನ್ನೊಂದು, ಕಿಟಕಿ ಪಕ್ಕ ಒಂದು ರಟ್ಟಿನ ಡಬ್ಬ ಇಟ್ರು, ಮುಗೀದೆ ಇರೋ ಹಾಳೆಗಳನ್ನ ಹಾಕೋಕೆ. ಅವಳೊಬ್ಬಳಿಗೇ ಅಲ್ಲ, ಎಲ್ಲರಿಗೂ, ಇಲ್ಲಾಂದ್ರೆ ಅದು ಇನ್ನೊಂದು ಜಗಳ ಆಗ್ತಿತ್ತು.

ಮನೇಲಿ ನಮ್ಮ ಪಾಲಿಗೆ ಬಂದಿದ್ದು ಪ್ರಾಕ್ಟೀಸು. ಕಚ್ಚಬೇಡ, ತಳ್ಳಬೇಡ, ಎಸೀಬೇಡ ಅಂತ ಬೇಡಗಳ ಪಟ್ಟಿ ಕೊಟ್ಟಿದ್ವಿ, ಹಾಗಾದ್ರೆ ಏನ್ ಮಾಡ್ಬೇಕು ಅನ್ನೋದನ್ನ ಯಾರೂ ಹೇಳೇ ಇರ್ಲಿಲ್ಲ. "ನಂದಿನ್ನೂ ಮುಗ್ದಿಲ್ಲ", ಇಷ್ಟೇ ಎರಡು ಪದ, ಕೋಪ ಬಂದಾಗ ಇದನ್ನ ಜೋರಾಗಿ ಹೇಳು ಅಂತ ಆಟದಲ್ಲಿ ಕಲಿಸೋದು. ನಾನು ಮಿಸ್ ಆಗ್ತೀನಿ ಅಂದ್ರೆ ಒಪ್ಲಿಲ್ಲ, ಅವಳೇ ಮಿಸ್. ನಾನು ಗೊಂಬೆಗಳ ಜೊತೆ ನೆಲದ ಮೇಲೆ. ನಾನು ಬೇಕೂಂತ್ಲೇ ಬುಕ್ ಮುಚ್ಚದೆ ಹಟ ಮಾಡಿ ಕರಡಿ ಗೊಂಬೇನ ತಳ್ದೆ. ಅವಳು ಎದ್ದು ಬಂದು, ಸೊಂಟದ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯ ತೋರುಬೆರಳನ್ನ ನನ್ನ ಮೂಗಿನ ಹತ್ರ ತಂದು, "ಯಾಕ್ ಮಾಡ್ದೆ? ಕೇಳ್ತಾ ಇದೀನಲ್ಲ?" ಅಂದ್ಳು. ಮಿಸ್ ಹಾಗೆ ಮಾತಾಡಲ್ಲ. ಅದು ನಾನು. ಕೊನೇಲಿ ಧ್ವನಿ ಸ್ವಲ್ಪ ಕೀರಲಾಗೋದೂ ಸೇರಿ, ಯಥಾವತ್ ನಾನು. ನೆಲದ ಮೇಲಿಂದ ನೋಡಿದ್ರೆ ಆ ಬೆರಳು ಎಷ್ಟು ದೊಡ್ಡದಾಗಿ ಕಾಣತ್ತೆ ಅಂತ ಅವತ್ತು ಗೊತ್ತಾಯ್ತು. ಇವಳು, ಅಂದ್ರೆ ನನ್ನ ಹೆಂಡ್ತಿ, ಬಾಗಿಲಲ್ಲಿ ನಿಂತು ನಗು ತಡ್ಕೊಳ್ಳೋಕಾಗದೆ ಒಳಗೆ ಹೋದ್ಳು.

"ಎರಡು ಏಟು ಬಿಟ್ರೆ ಎಲ್ಲ ಸರಿಹೋಗತ್ತೆ, ನಮ್ಮನ್ನೆಲ್ಲ ಹಂಗೇ ಬೆಳೆಸಿದ್ದು" ಅಂತ ಹೇಳೋರಿಗೇನೂ ಕಮ್ಮಿ ಇರ್ಲಿಲ್ಲ. ನಾನು ಒಂದ್ಸಲ ಕೈ ಎತ್ತಿದೀನಿ, ಹೊಡೀಲಿಲ್ಲ, ಆದ್ರೆ ಅವಳು ಕಣ್ಣು ಮುಚ್ಚಿ ಭುಜ ಮೇಲಕ್ಕೆತ್ಕೊಂಡಿದ್ದು ಇನ್ನೂ ಕಣ್ಮುಂದೆ ಇದೆ. 2016ರಲ್ಲಿ ಗರ್ಶಾಫ್ ಮತ್ತು ಗ್ರೋಗನ್ ಕೇಲರ್ ಅನ್ನೋ ಇಬ್ಬರು, ಐವತ್ತು ವರ್ಷದ ಅಧ್ಯಯನಗಳನ್ನ, ಒಟ್ಟು 1,60,000ಕ್ಕೂ ಹೆಚ್ಚು ಮಕ್ಕಳ ಲೆಕ್ಕವನ್ನ ಒಟ್ಟಿಗೆ ಹಾಕಿ ನೋಡಿದ್ರು. ಏಟು ತಿಂದ ಮಕ್ಕಳಲ್ಲಿ ಹಟ, ಹೊಡೆದಾಟ ಜಾಸ್ತಿ ಕಂಡಿದ್ದೇ ಹೊರತು ಕಮ್ಮಿ ಅಲ್ಲ. ಲೆಕ್ಕ ಬೇಡ ಬಿಡಿ, ಕೈ ಮಾಡ್ಬೇಡ ಅಂತ ಕೈ ಮಾಡಿ ಹೇಳಿದ್ರೆ ಮಗು ಮಾತು ಕೇಳತ್ತೋ ಕೈ ನೋಡತ್ತೋ.

ಸ್ಟಿಕ್ಕರ್ ವಿಷಯದಲ್ಲಿ ನಾನು ಎಡವಿದ್ದೂ ಹೇಳ್ಬೇಕು. ಉತ್ಸಾಹದಲ್ಲಿ ಫ್ರಿಜ್ ಮೇಲೆ ಚಾರ್ಟ್ ಅಂಟಿಸ್ದೆ, ಗಲಾಟೆ ಇಲ್ಲದ ದಿನಕ್ಕೊಂದು ಸ್ಟಾರ್. ಮೊದಲ ವಾರ ಭರ್ಜರಿಯಾಗಿ ಓಡ್ತು. ಎರಡನೇ ವಾರ ಬಾಗಿಲು ತೆಗೀತಿದ್ದ ಹಾಗೇ ಕೈ ಚಾಚ್ಕೊಂಡು, "ಯಾರ್ನೂ ಕಚ್ಚಿಲ್ಲ, ಸ್ಟಾರ್ ಕೊಡು." ಮೂರನೇ ವಾರ, "ಇವತ್ತು ಎರಡು ಸ್ಟಾರ್ ಕೊಟ್ರೆ ನಾಳೆ ಕಚ್ಚಲ್ಲ." ಇದಕ್ಕೆ ಬೇರೆ ಹೆಸರಿದೆ, ಬರೆಯೋದು ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮಾಡಿದ ಪ್ರಯೋಗ ಒಂದಿದೆ, ಬಣ್ಣ ಹಚ್ಚೋದು ಅಂದ್ರೆ ಇಷ್ಟ ಇದ್ದ ನರ್ಸರಿ ಮಕ್ಕಳಿಗೆ, ಚಿತ್ರ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದ್ಲೇ ಹೇಳಿ ಬರೆಸಿದ್ರು. ಆಮೇಲೆ ಬಹುಮಾನದ ಮಾತಿಲ್ಲದೆ ಬಣ್ಣ ಮುಂದಿಟ್ಟಾಗ ಆ ಮಕ್ಕಳು ಚಿತ್ರ ಬರೆದ ಹೊತ್ತು, ಏನೂ ಆಸೆ ತೋರಿಸದೇ ಇದ್ದ ಮಕ್ಕಳ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಸ್ಟಿಕ್ಕರ್ ಕೆಟ್ಟದ್ದು ಅಂತಲ್ಲ. ನಿಜಕ್ಕೂ ಕಷ್ಟ ಇರೋ ಒಂದು ಅಭ್ಯಾಸ ಶುರು ಮಾಡ್ಸೋಕೆ ಸ್ವಲ್ಪ ದಿನ ಆಗ್ಬೋದು. ಆದ್ರೆ ಮಿಸ್ ಮಾಡ್ತಿದ್ದ ಒಂದು ಕೆಲಸದ ಮುಂದೆ ನನ್ನ ಚಾರ್ಟು ಏನೂ ಅಲ್ಲ: ಅವಳು ತಾನಾಗೇ ಹಾಳೆ ಡಬ್ಬಕ್ಕೆ ಹಾಕಿದ ದಿನ, "ಮುಗಿಸ್ಬೇಕು ಅನ್ಸಿದ್ರೂ ಎತ್ತಿಟ್ಯಲ್ಲ, ನೋಡ್ದೆ ನಾನು" ಅಂತ ಕಿವೀಲಿ ಹೇಳಿ ಮುಂದೆ ಹೋಗ್ತಿದ್ರಂತೆ. ಗುಡ್ ಗರ್ಲ್ ಅಂತಲ್ಲ. ಏನು ಮಾಡಿದ್ಳೋ ಅದನ್ನೇ ಹೇಳೋದು.

ಇಷ್ಟೆಲ್ಲ ಓದಿ ಎಲ್ಲ ಸಲೀಸಾಗಿ ಆಯ್ತು ಅಂದ್ಕೋಬೇಡಿ. ಹಿಂದಿನ ಬೆಂಚು ಬಂದ್ ಆದ ಮೊದಲ ವಾರ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಗಲಾಟೆ ಮಾಡಿದ್ರೂ ಮುಂಚೆ ಸಿಗ್ತಿದ್ದ ಟೈಮ್ ಸಿಗ್ತಿಲ್ಲ ಅಂತ ಗಲಾಟೆ ಡಬಲ್ ಆಯ್ತು, ಬ್ಯಾಗೇ ಎಸೆದ್ಲು ಒಂದಿನ. ಲಿಫ್ಟ್ ಬಟನ್ ಒತ್ತಿದಾಗ ಬರ್ಲಿಲ್ಲ ಅಂದ್ರೆ ನಾವೂ ವಾಪಸ್ ಹೋಗಲ್ಲ, ಮೊದ್ಲು ಪಟಪಟ ಹತ್ತು ಸಲ ಒತ್ತಿ ಆಮೇಲೆ ಮೆಟ್ಟಿಲ ಕಡೆ ಹೋಗ್ತೀವಲ್ಲ, ಹಾಗೆ. ಬಹಳ ಜನ ಕೈ ಬಿಡೋದು ಇಲ್ಲೇ, ನೋಡಿ ಈ ಮೆತ್ತಗಿನ ದಾರಿ ಕೆಲಸ ಮಾಡಲ್ಲ ಅಂತ. ನಾನೂ ಬಿಡ್ತಿದ್ದೆ. ಮಿಸ್ ಮೊದ್ಲೇ ಎಚ್ಚರಿಸಿದ್ರು, ಹಾಗಾಗಿ ಹಲ್ಲು ಕಚ್ಕೊಂಡು ಕೂತೆ (ಹಲ್ಲು ನಂದೇ).

ಈ ಮಧ್ಯೆ ಯಾರೋ ಪರಿಚಯದವರು, "ಹೈಪರ್ ಇರ್ಬೋದು, ತೋರ್ಸಿ" ಅಂದ್ರು. ತೋರಿಸೋದ್ರಲ್ಲಿ ತಪ್ಪೇನೂ ಇಲ್ಲ, ಮಕ್ಕಳ ಡಾಕ್ಟರ್ ಹತ್ರ ಹೋದ್ವಿ. ಅವರು ಮೊದಲು ನೋಡಿದ್ದು ಕಿವಿ. ಕಿವೀಲಿ ನೀರು ತುಂಬಿ ಮಂದವಾಗಿ ಕೇಳೋ ಮಕ್ಕಳು ಎಷ್ಟೋ ಸಲ ಮಾತು ಕೇಳದವರು ಅನ್ನಿಸ್ಕೋತಾರಂತೆ, ಒಂದರ್ಥದಲ್ಲಿ ನಿಜವೇ. ಆಮೇಲೆ ಕಣ್ಣು, ಆಮೇಲೆ ನಿದ್ದೆ. ಮೂರರಿಂದ ಐದು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಆರು ದಾಟಿದ್ರೆ 9ರಿಂದ 12. ನಮ್ಮವಳದ್ದು ಎಣಿಸಿದ್ರೆ ಒಂಬತ್ತೂ ಆಗ್ತಿರ್ಲಿಲ್ಲ, ಯಾಕಂದ್ರೆ ನಾನು ಲೇಟಾಗಿ ಬರೋವರೆಗೂ ಅವಳು ಮಲಗ್ತಿರ್ಲಿಲ್ಲ. ಇದನ್ನ ಕೇಳಿ ಸುಮ್ನೆ ಡಾಕ್ಟರ್ ಟೇಬಲ್ ಮೇಲಿನ ಪೆನ್ ಸ್ಟಾಂಡ್ ನೋಡ್ತಾ ಕೂತೆ. ಎಡಿಎಚ್‌ಡಿ (ಗಮನ ನಿಲ್ಲದೆ, ಅತಿಯಾಗಿ ಚಡಪಡಿಸೋ ತೊಂದರೆ) ಅನ್ನೋಕೆ ಲಕ್ಷಣಗಳು ಕನಿಷ್ಠ ಆರು ತಿಂಗಳು ಇರ್ಬೇಕು, ಒಂದು ಜಾಗದಲ್ಲಲ್ಲ, ಮನೆ ಸ್ಕೂಲು ಎರಡೂ ಕಡೆ ಕಾಣ್ಬೇಕು ಅಂತ ವಿವರಿಸಿದ್ರು. ಕ್ಲಾಸಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೆ ಆ ಹಣೆಪಟ್ಟಿ ಹೆಚ್ಚಾಗಿ ಬೀಳತ್ತೆ ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ನಮ್ಮವಳು ಅವಳ ಕ್ಲಾಸಿಗೆ ಎರಡನೇ ಚಿಕ್ಕವಳು. ಐದು ವರ್ಷದವಳ ಪಕ್ಕ ಹತ್ತು ತಿಂಗಳು ದೊಡ್ಡವನು ಕೂತಿದ್ರೆ ಅದು ಅವಳ ಇಡೀ ಆಯಸ್ಸಿನ ಆರನೇ ಒಂದು ಪಾಲು.

ಆ ಹುಡುಗನ ಅಮ್ಮಂಗೆ ಫೋನ್ ಮಾಡೋದನ್ನ ನಾನು ಹತ್ತು ದಿನ ಮುಂದೂಡ್ದೆ. ಕೊನೆಗೆ ಮಾಡ್ದಾಗ ಅವರು ಜಗಳ ಆಡ್ಲಿಲ್ಲ, "ಗುರುತು ನೋಡಿ ಅವತ್ತು ರಾತ್ರಿ ಅತ್ಬಿಟ್ಟೆ" ಅಂದ್ರು ಅಷ್ಟೇ. ಅದಕ್ಕಿಂತ ಬೈದಿದ್ರೆ ವಾಸಿ ಇತ್ತು. ಇಷ್ಟು ದಿನ ನಾನು ಕಚ್ಚಿದವಳ ತಲೇಲಿ ಏನಿದೆ ಅಂತ ಕೆದಕ್ತಾ ಇದ್ದೆ, ಕಚ್ಚಿಸ್ಕೊಂಡವನು ಬೆಳಿಗ್ಗೆ ಸ್ಕೂಲಿಗೆ ಹೋಗಲ್ಲ ಅಂತ ಅಳ್ತಿದ್ನಂತೆ.

ಸಾರಿ ಹೇಳ್ಸಿದ್ವಾ ಅಂದ್ರೆ, ಹೇಳ್ಸಿದ್ವಿ, ಮೊದಲನೇ ದಿನವೇ. ಗೋಡೆ ನೋಡ್ಕೊಂಡು ಹೇಳಿದ್ಳು. ಆ ಸಾರಿಗೆ ಏನು ಬೆಲೆ. ಆಮೇಲೊಂದಿನ ಅವನ ಹಾಳೆ ಹರಿದಾಗ ಮಿಸ್ ಸಾರಿ ಕೇಳೋಕೆ ಹೇಳಲೇ ಇಲ್ವಂತೆ, ಸೆಲ್ಲೋಟೇಪ್ ಕೈಗೆ ಕೊಟ್ರಂತೆ. ಟೇಪು ಬೆರಳಿಗೆ ಅಂಟ್ಕೊಂಡು, ಸೊಟ್ಟಗೆ ಬಂದು, ಕಿತ್ತು ಮತ್ತೆ ಹಾಕಿ, ಇಡೀ ಆಟದ ಪೀರಿಯಡ್ ಅದಕ್ಕೇ ಹೋಯ್ತಂತೆ. ಅವ್ನು ಪಕ್ಕದಲ್ಲಿ ನಿಂತು ತುದಿ ಹಿಡ್ಕೊಂಡಿದ್ನಂತೆ. ಆ ಮೇಲೆ ಅವ್ನ ಹಾಳೆ ಹರೀಲಿಲ್ಲ. ಬೇರೆಯವರದ್ದು ಒಂದೆರಡು ಹರೀತು.

ಟರ್ಮ್ ಮುಗಿದಾಗ ಕಿಟಕಿ ಪಕ್ಕದ ಡಬ್ಬದಿಂದ ಅವಳ ಹಾಳೆಗಳೆಲ್ಲ ಒಂದು ಕವರಲ್ಲಿ ಮನೆಗೆ ಬಂದ್ವು. ಎಣಿಸ್ದೆ, ಇಪ್ಪತ್ಮೂರು. ಅರ್ಧ ಮನೆ, ಅರ್ಧ ಮೀನು, ಒಂದೇ ರೆಕ್ಕೆಯ ಚಿಟ್ಟೆ. ತಳದಲ್ಲಿ ಆ ಆನೆ, ಸೊಂಡಿಲು ಬಿಟ್ಟು ಮೈಯೆಲ್ಲ ನೇರಳೆ. ಕ್ರೇಯಾನ್ ಡಬ್ಬ ತಂದು ಮುಂದಿಟ್ಟು, "ತಗೋ ಪುಟ್ಟಿ, ಈಗ ಮುಗಿಸು, ಯಾರೂ ಎತ್ತಿಡು ಅನ್ನಲ್ಲ" ಅಂದೆ. ಒಂದು ಹಾಳೆ ಎತ್ತಿ ನೋಡಿದ್ಳು, ಇನ್ನೊಂದು ನೋಡಿದ್ಳು, ಎಲ್ಲಾನೂ ನೀಟಾಗಿ ಜೋಡ್ಸಿ ವಾಪಸ್ ಕವರಿಗೆ ಹಾಕಿ, "ಇದೆಲ್ಲ ಇಲ್ಲೇ ಇರ್ಲಿ" ಅಂದು ಸೈಕಲ್ ತಗೊಂಡು ಹೊರಗೆ ಹೋದ್ಳು.